ನಿಮಗಿದು ಗೊತ್ತೇ? ಹೊಲ ನಿಮ್ಮದು, ಪಾಲು ಹಕ್ಕಿಗೂ!

● ಕಲಬುರಗಿಯ ಶರಣಬಸವೇಶ್ವರರು ಹೊಲ ಕಾದ ಬಗೆಯೇ ಬೇರೆ. ಅರಳಗುಂಡಗಿಯಲ್ಲಿ ಜೋಳ ತೆನೆಗಟ್ಟಿದಾಗ ಮಂದಿಯೆಲ್ಲ ಕವಣೆ ಬೀಸಿ ಹಕ್ಕಿ ಓಡಿಸಿದರೆ, ಇವರು ತಿನ್ನಲು ಬಿಟ್ಟು ಕುಡಿಯಲು ನೀರನ್ನೂ ಇಟ್ಟರಂತೆ. ಆದರೂ ರಾಶಿ ಕಡಿಮೆಯಾಗಲಿಲ್ಲ ಎನ್ನುತ್ತಾರೆ ಭಕ್ತರು. ರಾಶಿಯ ಲೆಕ್ಕ ಅವರವರ ನಂಬಿಕೆಗೆ ಬಿಡೋಣ. ಸ್ವಂತ ಜಮೀನನ್ನು ವನ್ಯಜೀವಿಗೆಂದು ಬಿಡಲು ಈಗ ಕಾನೂನೇ ಇದೆ!

● 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿ 36ಸಿ ಕಲಂ ಸೇರಿಸಿತು. ಮಾಲೀಕರು ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸರ್ಕಾರ ‘ಸಮುದಾಯ ಮೀಸಲು’ ಎಂದು ಘೋಷಿಸಬಹುದು. ಪಹಣಿಯಲ್ಲಿ ಹೆಸರು ನಿಮ್ಮದೇ. ಆದರೆ ನಾಳೆ ಮನಸ್ಸು ಬದಲಾಗಿ ಲೇಔಟ್ ಹಾಕುತ್ತೇನೆಂದರೆ ನಡೆಯದು: ನಿರ್ವಹಣಾ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು.

● ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಅಲ್ಲಿ ಬೇಲಿಯಿಲ್ಲ, ಗೇಟಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಹಿತ್ತಲ ಹುಣಸೆಮರದಲ್ಲಿ, ಬೀದಿಯ ಅರಳಿಮರದಲ್ಲಿ. ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆ, ಅದಕ್ಕೆಂದೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತ ಬಂದಿದೆ. ಅದೇ ಹಿಕ್ಕೆ ಗದ್ದೆಗೆ ಗೊಬ್ಬರ! ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಊರಿನ ‘ಹೆಜ್ಜಾರ್ಲೆ ಬಳಗ’ದ ಹುಡುಗರು ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತಾರೆ.

● ದಕ್ಷಿಣ ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರ ದಂಪತಿ 1991ರಲ್ಲಿ 55 ಎಕರೆ ಕೊಂಡರು. ಉತ್ತದ್ದೂ ಇಲ್ಲ, ಬಿತ್ತಿದ್ದೂ ಇಲ್ಲ. ಅಕ್ಕಪಕ್ಕದವರು ಕೈಬಿಟ್ಟ ತೋಟಗಳನ್ನೂ ಕೊಳ್ಳುತ್ತ ಹೋಗಿ ಸುಮಾರು 300 ಎಕರೆ ಮಾಡಿದರು. ಇಂದದು ಆನೆ ಓಡಾಡುವ ‘ಸಾಯಿ ಸ್ಯಾಂಕ್ಚುರಿ’.

● ಅಮೆರಿಕದಲ್ಲಿ ಜಮೀನು ಇಟ್ಟುಕೊಂಡೇ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುವ ಕರಾರು ಉಂಟು. ಮಕ್ಕಳಿಗೆ ಬಂದರೂ, ಬೇರೆಯವರಿಗೆ ಮಾರಿದರೂ ಕರಾರು ಜಮೀನಿನ ಜೊತೆಗೇ ಹೋಗುತ್ತದೆ.

● ಕಲಬುರಗಿ ಜಿಲ್ಲೆಗೆ 134.88 ಚದರ ಕಿ.ಮೀ. ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮವಿದೆ, 2011ರಲ್ಲಿ ಘೋಷಣೆಯಾದದ್ದು. ಆದರೆ ಚಿಗರಿಗೆ ಧಾಮದ ಗಡಿ ಗೊತ್ತೇ? ಅದು ಮೇಯುವುದು ರೈತರ ಹೊಲದಲ್ಲಿ. ಬೆಳೆ ಹೋದವರ ಸಿಟ್ಟೂ ಸುಳ್ಳಲ್ಲ. ಉಳುಮೆಗೆ ಬಾರದ ಮಡ್ಡಿ ಪಾಳು ಬಿದ್ದಿದ್ದರೆ, ಪ್ಲಾಟ್ ಮಾಡುವ ಮೊದಲು ಒಮ್ಮೆ ಅರಣ್ಯ ಇಲಾಖೆಯಲ್ಲಿ 36ಸಿ ಬಗ್ಗೆ ವಿಚಾರಿಸಿ ನೋಡಿ.