ಗೊರಕೆಯೂ ತಾಳ ತಪ್ಪಿದ ಗುಂಡಿಗೆಯೂ

ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ವಾಡಿಕೆ ನಮ್ಮ ತಂಬ್ರಹಳ್ಳಿಯ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಒಂದು ಮನೆಯ ಗೊರಕೆ ನಾಲ್ಕು ಮನೆಗೆ ಕೇಳಿಸುವ ಕಾಲ ಅದು. ಯಾರದು ಜೋರು, ಯಾರದು ಮೆಲ್ಲಗೆ ಎಂದು ಬೆಳಿಗ್ಗೆ ನಗೆಯಾಡುವುದೂ ಉಂಟು. ಗೊರಕೆ ಹೊಡೆಯುವವನು ಸುಖಿ, ಅವನಿಗೆ ಗಾಢನಿದ್ರೆ ಬಂದಿದೆ ಎಂಬುದು ನಮ್ಮಲ್ಲಿ ಬಹು ಹಳೆಯ ನಂಬಿಕೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೂ ಗೊರಕೆಗೂ ಗಂಟು ಹಾಕಿಬಿಟ್ಟಿದ್ದೇವೆ. ಆದರೆ ಆ ಗೊರಕೆ ನಡುನಡುವೆ ತಟ್ಟನೆ ನಿಂತು, ಅರೆನಿಮಿಷ ಸದ್ದೇ ಇಲ್ಲದೆ ಹೋಗಿ, ಆಮೇಲೆ ನೀರಿನಿಂದ ತಲೆ ಎತ್ತಿದವನ ಹಾಗೆ ಗಕ್ಕನೆ ಉಸಿರೆಳೆದು ಮತ್ತೆ ಮೊದಲಾಗುತ್ತಿದ್ದರೆ ಅದು ನಗುವ ಮಾತಲ್ಲ. ಅದರಲ್ಲಿಯೂ ಎದೆಬಡಿತ ಏರುಪೇರಾಗಿದೆಯೆಂದು ವೈದ್ಯರಿಂದ ಈಗಾಗಲೇ ಹೇಳಿಸಿಕೊಂಡವರು ಹೀಗೆ ಗೊರೆಯುತ್ತಿದ್ದರೆ, ಆ ಸಂಗತಿ ಹೃದಯದ ವೈದ್ಯರ ಕಿವಿಗೆ ಬೀಳಲೇಬೇಕು.

ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ಮನೆಮಂದಿಗೆ ತಿಳಿಯುವ ಮಾತಿನಲ್ಲಿ ಹೇಳುವುದಷ್ಟೇ ಇಲ್ಲಿ ನನ್ನ ಕೆಲಸ.

ನಿದ್ರೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಗಂಟಲಿನ ಸ್ನಾಯುಗಳೂ ಅದಕ್ಕೆ ಹೊರತಲ್ಲ. ಕೆಲವರಲ್ಲಿ ಗಂಟಲಿನ ದಾರಿ ಹುಟ್ಟಿನಿಂದಲೇ ಇಕ್ಕಟ್ಟು. ಕೆಲವರಲ್ಲಿ ಕುತ್ತಿಗೆಯ ಸುತ್ತ ಕೊಬ್ಬು ಸೇರಿ ಇಕ್ಕಟ್ಟಾಗಿರುತ್ತದೆ. ಅಂಗಾತ ಮಲಗಿದಾಗ ನಾಲಗೆ ಹಿಂದಕ್ಕೆ ಜಾರುತ್ತದೆ. ಇಕ್ಕಟ್ಟಿನಲ್ಲಿ ಗಾಳಿ ನುಗ್ಗುವಾಗ ಆಗುವ ಅದುರೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಹೀಗೆ ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಲ್ಲುವುದಕ್ಕೆ ವೈದ್ಯರು ಆಪ್ನಿಯಾ ಎನ್ನುತ್ತಾರೆ. ಗಂಟೆಗೆ ಐದಕ್ಕಿಂತ ಕಡಮೆ ಸಲ ಆದರೆ ಲೆಕ್ಕಕ್ಕಿಲ್ಲ. ಹದಿನೈದು ದಾಟಿದರೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ಗಂಟೆಗೆ ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಬಂದು ಕತ್ತು ಹಿಸುಕಿ ಬಿಟ್ಟುಹೋದಂತೆ. ಆ ಮನುಷ್ಯನಿಗೆ ಮಾತ್ರ ಇದೊಂದೂ ತಿಳಿಯದು. ಪ್ರತಿಸಲವೂ ಮೆದುಳು ಅವನನ್ನು ಅರೆಎಚ್ಚರಕ್ಕೆ ತಂದು ಉಸಿರಾಡಿಸಿ ಮತ್ತೆ ಮಲಗಿಸುತ್ತದೆ. ಬೆಳಿಗ್ಗೆ ಕೇಳಿದರೆ, "ಎಂಟು ತಾಸು ಮಲಗಿದ್ದೆ, ಆದರೂ ಮೈ ಭಾರ" ಎನ್ನುತ್ತಾನೆ.

ಇನ್ನು ಗುಂಡಿಗೆಯ ಮಾತು. ಹೃದಯದಲ್ಲಿ ಮೇಲೆರಡು, ಕೆಳಗೆರಡು ಕೋಣೆಗಳು. ಮೇಲಿನವು ಹೃತ್ಕರ್ಣಗಳು. ಬಲಹೃತ್ಕರ್ಣದ ಒಂದು ನೆಲೆಯಿಂದ ಹೊರಡುವ ಸಣ್ಣ ವಿದ್ಯುತ್ ಸಂಜ್ಞೆ ನಾಲ್ಕೂ ಕೋಣೆಗಳನ್ನು ಕ್ರಮವಾಗಿ ಬಡಿಸುತ್ತದೆ. ನಾಡಿ ಹಿಡಿದು ನೋಡಿದರೆ ಉತ್ಸಾಹರಗಳೆಯ ಹಾಗೆ ಮೂರು ಮೂರು ಮಾತ್ರೆಯ ಗಣ ಒಂದೇ ನಡೆಯಲ್ಲಿ ಸಾಗಿದಂತೆ ಇರುತ್ತದೆ. ಎಂದಾದರೊಮ್ಮೆ ಒಂದು ಬಡಿತ ತಪ್ಪಿದಂತೆನಿಸಿದರೆ ಅದು ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚುಕಡಮೆಯಾದಂತೆ, ಬಹುಮಟ್ಟಿಗೆ ಭಯವಿಲ್ಲ. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕಾಯಿಲೆಯಲ್ಲಿ ಸಂಜ್ಞೆಗಳು ಹತ್ತಾರು ಕಡೆಯಿಂದ ಎದ್ದು, ಹೃತ್ಕರ್ಣಗಳು ಬಡಿಯುವುದನ್ನು ಬಿಟ್ಟು ನಿಮಿಷಕ್ಕೆ ಮುನ್ನೂರೈವತ್ತಕ್ಕೂ ಮೀರಿ ಬರಿದೇ ಅದುರತೊಡಗುತ್ತವೆ. ಕೆಳಗಿನ ಕೋಣೆಗಳಿಗೆ ಅವುಗಳಲ್ಲಿ ಯಾವುದೋ ಒಂದು ತಲುಪುತ್ತದೆ, ಯಾವುದೋ ತಲುಪುವುದಿಲ್ಲ. ಅಂಥ ನಾಡಿಗೆ ಪ್ರಸ್ತಾರ ಹಾಕಲಾಗದು. ಗಣವೇ ಇಲ್ಲ!

ಅದುರುವ ಕೋಣೆಯಲ್ಲಿ ರಕ್ತ ಸರಾಗವಾಗಿ ಹರಿಯದೆ ಮೂಲೆಯಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಹರಿದು ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಲಕ್ವ. ಈ ಕಾಯಿಲೆಯಿದ್ದವರಿಗೆ ಲಕ್ವ ಹೊಡೆಯುವ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಬಹುಕಾಲದಿಂದ ಗೊತ್ತಾಗಿದೆ.

ಗಂಟಲಿಗೂ ಗುಂಡಿಗೆಗೂ ಏನು ನಂಟು? ಬಾಯಿ ಮೂಗು ಮುಚ್ಚಿಕೊಂಡು ಉಸಿರೆಳೆಯಲು ಯತ್ನಿಸಿ ನೋಡಿ. ಎದೆ ಒಳಕ್ಕೆ ಜಗ್ಗಿದಂತಾಗುತ್ತದೆ. ಆಪ್ನಿಯಾದಲ್ಲಿ ರಾತ್ರಿಯಿಡೀ ನಡೆಯುವುದು ಇದೇ. ಎದೆಗೂಡಿನೊಳಗೆ ಆಗುವ ಆ ಎಳೆತಕ್ಕೆ ತೆಳುಗೋಡೆಯ ಹೃತ್ಕರ್ಣಗಳು ಹಿಗ್ಗುತ್ತವೆ. ಅತ್ತ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಅಪಾಯವೆಂದು ತಿಳಿದ ನರಮಂಡಲ ಹೃದಯವನ್ನು ಚಾಟಿಯಿಂದ ಹೊಡೆದಂತೆ ಓಡಿಸುತ್ತದೆ. ನಿದ್ರೆಯಲ್ಲಿ ಇಳಿಯಬೇಕಾದ ರಕ್ತದೊತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಹೃತ್ಕರ್ಣ ದೊಡ್ಡದಾಗಿ, ಅದರ ಗೋಡೆಯಲ್ಲಿ ನಾರುಕಟ್ಟಿ, ಸಂಜ್ಞೆಗಳು ದಾರಿ ತಪ್ಪುವುದಕ್ಕೆ ನೆಲ ಹದವಾಗುತ್ತದೆ. ವಯಸ್ಸು, ಬೊಜ್ಜು, ರಕ್ತದೊತ್ತಡ ಈ ಮೂರೂ ಎರಡು ಕಾಯಿಲೆಗಳಿಗೂ ಸಮಾನವಾದ ಕಾರಣಗಳು ಎಂಬುದೂ ದಿಟವೇ. ಅಮೆರಿಕೆಯಲ್ಲಿ ೨೦೦೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಬಡಿತ ಕೆಟ್ಟವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಆಪ್ನಿಯಾ ಇರುವ ಲಕ್ಷಣ ಕಂಡಿತ್ತು.

ನಮ್ಮ ಕಡೆಯ ಒಬ್ಬ ನಿವೃತ್ತ ಮೇಷ್ಟರ ಸಂಗತಿ ಹೇಳಬೇಕು. ಬಡಿತ ಕೆಟ್ಟಾಗ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ವಿದ್ಯುತ್ತಿನ ಆಘಾತ ಕೊಟ್ಟು ಸರಿಪಡಿಸಿದರು. ಆರು ತಿಂಗಳೊಳಗೆ ಮತ್ತೆ ಅದೇ ಪಾಡು. ಎರಡು ವರ್ಷ ಮಾತ್ರೆ ಬದಲಾಯಿಸಿದ್ದೇ ಆಯಿತು. ರಾತ್ರಿ ಹೇಗೆ ಮಲಗುತ್ತೀರಿ ಎಂದು ಯಾರೂ ಕೇಳಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಸೇರಿದಾಗ, ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಮಾಪಕದ ಅಂಕಿ ನಡುರಾತ್ರಿ ಪದೇ ಪದೇ ಕೆಳಗಿಳಿಯುವುದನ್ನು ರಾತ್ರಿಪಾಳಿಯ ದಾದಿ ಗಮನಿಸಿದಳು. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದ ಮೇಷ್ಟರ ಮನೆಯವರನ್ನು ಎಬ್ಬಿಸಿ ಕೇಳಿದಳು. ಆಕೆ, "ಇದೇನ್ ಇವತ್ತಿಂದಲ್ಲ ಬಿಡವ್ವಾ. ಹತ್ತು ವರ್ಷಾತು, ಇವ್ರು ರಾತ್ರಿ ಉಸುರು ಕಟ್ಟಿ ಸುಮ್ಮಗಾಗಿ ಬಿಡ್ತಾರ. ನಾನೇ ಭುಜಾ ಅಲ್ಲಾಡಿಸಿ ಎಬ್ಬಿಸ್ತೀನಿ" ಎಂದರಂತೆ. ಹತ್ತು ವರ್ಷದ ಸಾಕ್ಷಿ! ಮೇಷ್ಟರಿಗೆ ಹಗಲು ತೂಕಡಿಕೆಯೂ ಇರಲಿಲ್ಲ. ಬಡಿತ ಕೆಟ್ಟವರಲ್ಲಿ ಆಪ್ನಿಯಾ ಇದ್ದರೂ ಹಗಲಿನ ಮಂಪರು ಅಷ್ಟಾಗಿ ಕಾಣದಿರುವುದುಂಟು ಎಂದು ತಜ್ಞರೂ ಹೇಳುತ್ತಾರೆ. ಆದ್ದರಿಂದ ತೂಕಡಿಕೆಯಿಲ್ಲವೆಂದು ಸುಮ್ಮನಿರುವಂತಿಲ್ಲ. ಈ ರೋಗದಲ್ಲಿ ರೋಗಿಗಿಂತ ಅವನ ಮಗ್ಗುಲಲ್ಲಿ ಮಲಗುವವರ ಮಾತಿಗೆ ಬೆಲೆ ಹೆಚ್ಚು. ವೈದ್ಯರ ಬಳಿಗೆ ಅವರೂ ಕೂಡ ಹೋಗಬೇಕು. ಈಗ ಮೊಬೈಲಿನಲ್ಲಿ ಆ ಸದ್ದನ್ನು ಎರಡು ನಿಮಿಷ ಹಿಡಿದುಕೊಂಡು ಹೋದರೂ ಆದೀತು.

ಈ ಕಾಯಿಲೆ ಹೊಸದೇನಲ್ಲ, ಹೆಸರು ಹೊಸದು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ೧೮೩೬-೩೭ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ನಿಂತಲ್ಲಿಯೇ ನಿದ್ರಿಸಿ ಗೊರೆಯುವವನು. ಓದುಗರು ನೂರಿಪ್ಪತ್ತು ವರ್ಷ ನಕ್ಕರು. ೧೯೫೬ರಲ್ಲಿ ಅಮೆರಿಕೆಯ ವೈದ್ಯರು, ಬೊಜ್ಜು ಬೆಳೆದು ಉಸಿರಾಟ ಸಾಲದೆ ಹಗಲೆಲ್ಲ ಮಂಪರಾಗುವ ಸ್ಥಿತಿಗೆ ಆ ಪುಸ್ತಕದ ಹೆಸರನ್ನೇ ಇಟ್ಟರು. ಆಪ್ನಿಯಾ ತೀವ್ರವಾದಾಗ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಾಡಿಸುವುದೇ ಒಂದು ಕಾಲಕ್ಕೆ ಇದ್ದ ಮುಖ್ಯ ಉಪಾಯ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು, ಮೂಗಿನ ಮೂಲಕ ಒಂದೇ ಸಮನೆ ಗಾಳಿಯನ್ನು ಒತ್ತಿ ಬಿಟ್ಟರೆ ಗಂಟಲು ಮುಚ್ಚಿಕೊಳ್ಳದು ಎಂದು ಐವರು ರೋಗಿಗಳಲ್ಲಿ ತೋರಿಸಿ ೧೯೮೧ರಲ್ಲಿ ಪ್ರಕಟಿಸಿದರು. ಇಂದಿನ ಸಿಪ್ಯಾಪ್ ಯಂತ್ರ ಅದರ ಸಂತಾನ.

ನಮ್ಮಲ್ಲಿಯೂ ನಗುವವರಿಗೆ ಕೊರತೆಯಿಲ್ಲ. ಸಿದ್ದರಾಮಯ್ಯನವರು ೨೦೧೩ರಿಂದ ೨೦೧೮ರವರೆಗೆ ಮುಖ್ಯಮಂತ್ರಿಗಳಾಗಿದ್ದಾಗ ಸಭೆಗಳಲ್ಲಿ ಕಣ್ಣುಮುಚ್ಚಿದರೆಂದು ಎಷ್ಟು ಚಿತ್ರಗಳು, ಎಷ್ಟು ಹಾಸ್ಯ! ತಮಗೆ ಸ್ಲೀಪ್ ಆಪ್ನಿಯಾ ಇದೆಯೆಂದು, ಚಿಕಿತ್ಸೆ ಪಡೆಯುತ್ತಿರುವುದಾಗಿ ಅವರೇ ಬಹಿರಂಗವಾಗಿ ಹೇಳಿದರು. ರಾಜಕಾರಣ ಏನೇ ಇರಲಿ, ದೊಡ್ಡ ಸ್ಥಾನದಲ್ಲಿದ್ದವರು ಇದು ರೋಗ, ಸೋಮಾರಿತನವಲ್ಲ ಎಂದು ಒಪ್ಪಿಕೊಂಡದ್ದರಿಂದ ಎಷ್ಟೋ ಮನೆಗಳಲ್ಲಿ ಈ ಶಬ್ದ ಮೊದಲ ಸಲ ಕೇಳಿಬಂತು.

ರೋಗವನ್ನು ಗೊತ್ತುಮಾಡುವುದು ಒಂದು ರಾತ್ರಿಯ ಕೆಲಸ. ಮೂಗಿನ ಗಾಳಿ, ಎದೆಯ ಏರಿಳಿತ, ಆಮ್ಲಜನಕ, ಹೃದಯದ ಬಡಿತ, ಮೆದುಳಿನ ಅಲೆ ಎಲ್ಲವನ್ನೂ ಮಲಗಿರುವಾಗಲೇ ಬರೆದುಕೊಳ್ಳುತ್ತಾರೆ. ಕೆಲವರಿಗೆ ಮನೆಯಲ್ಲಿಯೇ ಸಣ್ಣ ಉಪಕರಣ ಕಟ್ಟಿ ನೋಡುವುದೂ ಇದೆ. ನಮ್ಮ ತಾಲ್ಲೂಕಿನವರು ಹೃದಯಕ್ಕೆಂದು ಬಳ್ಳಾರಿಗೋ ಹುಬ್ಬಳ್ಳಿಗೋ ಬೆಂಗಳೂರಿನ ಜಯದೇವಕ್ಕೋ ಹೋಗುವವರೇ. ಹೋದಲ್ಲಿ ನಿದ್ರೆಯ ಪರೀಕ್ಷೆ ಎಲ್ಲಿ ಆಗುತ್ತದೆಂದು ಅದೇ ಬಾಯಲ್ಲಿ ಕೇಳಿದರೆ ಇನ್ನೊಂದು ಓಡಾಟ ಉಳಿಯುತ್ತದೆ. ಪರೀಕ್ಷೆಯಿಲ್ಲದೆ ಯಂತ್ರವನ್ನು ಅಂಗಡಿಯಿಂದ ತಾವೇ ತಂದುಕೊಳ್ಳುವುದು ಸಲ್ಲದು. ಏಕೆಂದರೆ ಆಪ್ನಿಯಾದಲ್ಲಿ ಇನ್ನೊಂದು ಬಗೆಯಿದೆ; ಅದರಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರಾಡೆಂದು ಮೆದುಳೇ ಹೇಳುವುದಿಲ್ಲ. ಹೃದಯ ಸೋತವರಲ್ಲಿ ಇದು ಹೆಚ್ಚು. ಅಂಥವರಿಗೆ ಒಂದು ವಿಶೇಷ ಬಗೆಯ ಗಾಳಿಯಂತ್ರವನ್ನು ಹಾಕಿ ನೋಡಿದಾಗ ಸಾವು ಹೆಚ್ಚಾದದ್ದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಬೆಳಕಿಗೆ ಬಂತು.

ಈಗ ಮುಖ್ಯ ಪ್ರಶ್ನೆ. ಆಪ್ನಿಯಾಕ್ಕೆ ಚಿಕಿತ್ಸೆ ಮಾಡಿದರೆ ಗುಂಡಿಗೆಯ ತಾಳ ಸರಿಹೋಗುತ್ತದೆಯೆ? ಅಮೆರಿಕೆಯ ಮೇಯೋ ಕ್ಲಿನಿಕ್‌ನವರು ೨೦೦೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಿದ್ಯುತ್ತಿನಿಂದ ಬಡಿತ ಸರಿಪಡಿಸಿಕೊಂಡವರಲ್ಲಿ ಆಪ್ನಿಯಾಕ್ಕೆ ಚಿಕಿತ್ಸೆ ಪಡೆಯದ ನೂರಕ್ಕೆ ೮೨ ಮಂದಿಗೆ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೪೨ ಮಂದಿಗೆ. ಕೇಳಿದರೆ ಯಂತ್ರಕ್ಕೆ ಕೈಮುಗಿಯೋಣವೆನ್ನಿಸುತ್ತದೆ. ಆದರೆ ಅಲ್ಲಿದ್ದ ರೋಗಿಗಳ ಸಂಖ್ಯೆ ಚಿಕ್ಕದು. ಯಂತ್ರವನ್ನು ಶ್ರದ್ಧೆಯಿಂದ ಹಾಕಿಕೊಳ್ಳುವವರು ಮಾತ್ರೆಯನ್ನೂ ಪಥ್ಯವನ್ನೂ ಶ್ರದ್ಧೆಯಿಂದಲೇ ನಡೆಸುವವರಾಗಿರಬಹುದಷ್ಟೆ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಪಾಲು ಮಾಡಿ ನೋಡಿದ ಪರೀಕ್ಷೆಗಳು ಅಷ್ಟು ಉದಾರವಾಗಿಲ್ಲ. ನಾರ್ವೆಯಲ್ಲಿ ೨೦೨೧ರಲ್ಲಿ ಪ್ರಕಟವಾದ ಒಂದರಲ್ಲಿ ಐದು ತಿಂಗಳು ಯಂತ್ರ ಬಳಸಿದರೂ ಬಡಿತ ಕೆಡುವ ಹೊತ್ತು ಕಡಮೆಯಾಗಲಿಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ ಸುಮಾರು ೨,೭೦೦ ಹೃದ್ರೋಗಿ, ಲಕ್ವರೋಗಿಗಳ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿಯೂ ಹೃದಯಾಘಾತ, ಲಕ್ವಗಳು ಇಳಿಯಲಿಲ್ಲ. ಅವರು ಯಂತ್ರ ಹಾಕಿಕೊಂಡದ್ದು ಸರಾಸರಿ ರಾತ್ರಿಗೆ ೩.೩ ತಾಸು ಮಾತ್ರ. ಉಳಿದ ಹೊತ್ತು ಗಂಟಲು ತನ್ನ ಪಾಡಿಗೆ ಮುಚ್ಚಿಕೊಳ್ಳುತ್ತಲೇ ಇತ್ತು. ಆದರೂ ಹಗಲಿನ ಮಂಪರು ಕಳೆದು, ಮನಸ್ಸು ಹಗುರವಾದದ್ದು ಅಲ್ಲಿಯೂ ಕಂಡಿತು. ನನ್ನ ಅಭಿಪ್ರಾಯದಲ್ಲಿ ಯಂತ್ರವನ್ನು ಗುಂಡಿಗೆಯ ಮದ್ದೆಂದು ಕೊಳ್ಳುವುದಕ್ಕಿಂತ ನಿದ್ರೆಯ ಮದ್ದೆಂದು ಕೊಳ್ಳುವುದು ಪ್ರಾಮಾಣಿಕವಾದ ವ್ಯವಹಾರ. ಗುಂಡಿಗೆಗೂ ನೆರವಾದರೆ ಅದು ಲಾಭ.

ತೂಕ ಇಳಿಸುವ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ೨೦೧೫ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೊಜ್ಜಿದ್ದ ರೋಗಿಗಳ ಪೈಕಿ ಮೈತೂಕದ ಹತ್ತನೆಯ ಒಂದು ಪಾಲನ್ನಾದರೂ ಇಳಿಸಿ ಉಳಿಸಿಕೊಂಡವರು ಉಳಿದವರಿಗಿಂತ ಆರು ಪಟ್ಟು ಹೆಚ್ಚಾಗಿ ಬಡಿತದ ಕಾಟದಿಂದ ಪಾರಾಗಿದ್ದರು. ತೂಕ ಇಳಿದರೆ ಗಂಟಲೂ ಸಡಿಲವಾಗುತ್ತದೆ. ರಾತ್ರಿ ಮದ್ಯ ಸೇವಿಸಿದರೆ ಗಂಟಲಿನ ಸ್ನಾಯು ಇನ್ನಷ್ಟು ಸೋಲುತ್ತದೆ, ಎದೆಬಡಿತವೂ ಕೆಡುತ್ತದೆ. ಅದು ಎರಡು ಕಡೆಯೂ ಕೊಯ್ಯುವ ಕತ್ತಿ. ನಿದ್ರೆ ಬಾರದೆಂದು ಅಂಗಡಿಯಿಂದ ತಾವೇ ನಿದ್ರೆಮಾತ್ರೆ ತರಿಸಿ ನುಂಗುವುದೂ ಅಷ್ಟೇ ಕೆಟ್ಟದ್ದು. ಮಗ್ಗುಲಾಗಿ ಮಲಗಿದರೆ ಎಷ್ಟೋ ಮಂದಿಗೆ ಅರ್ಧ ಬಾಧೆ ಇಳಿಯುತ್ತದೆ. ಹೆಂಡತಿ ಭುಜ ಅಲ್ಲಾಡಿಸಿ ಹೊರಳಿಸುತ್ತಾಳಲ್ಲ, ಆಕೆಗೆ ಶಾಸ್ತ್ರ ಗೊತ್ತಿಲ್ಲದಿದ್ದರೂ ಚಿಕಿತ್ಸೆ ಸರಿಯಾಗಿಯೇ ಇದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಯಂತ್ರ ಬಂತು, ನಿದ್ರೆ ಚೆನ್ನಾಯಿತು, ಇನ್ನು ಮಾತ್ರೆ ಏಕೆ ಎಂದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ನಿಲ್ಲಿಸುವವರಿದ್ದಾರೆ. ಲಕ್ವವನ್ನು ತಡೆಯುವುದು ಆ ಮಾತ್ರೆ, ಗಾಳಿಯಲ್ಲ. ಬಡಿತ ಸರಿಯಾಗಿದೆಯೆಂದು ತೋರಿದಾಗಲೂ ಅದು ಬೇಕಾಗಬಹುದು; ನಿಲ್ಲಿಸುವ ಮಾತು ವೈದ್ಯರ ಬಾಯಿಂದಲೇ ಬರಬೇಕು. ಚಿಕ್ಕಂದಿನ ಕೀಲುವಾತದ ಜ್ವರದಿಂದ ಹೃದಯದ ಕವಾಟ ಇಕ್ಕಟ್ಟಾಗಿ ಬಡಿತ ಕೆಟ್ಟವರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ. ಅವರಿಗೆ ಹಳೆಯ ವಾರ್ಫರಿನ್ ಮಾತ್ರೆಯೇ ಗತಿ. ರಕ್ತಪರೀಕ್ಷೆ ತಪ್ಪಿಸಬಾರದು, ಸೊಪ್ಪು ತಿನ್ನುವುದನ್ನು ಒಂದು ವಾರ ರಾಶಿ, ಒಂದು ವಾರ ಶೂನ್ಯ ಎಂದು ಮಾಡದೆ ಒಂದೇ ಹದದಲ್ಲಿಡಬೇಕು.

ಯಂತ್ರದೊಡನೆ ಬಾಳುವುದು ಮೊದಲ ತಿಂಗಳು ಕಷ್ಟ. ಮೂಗಿನ ಮೇಲೆ ಮುಖವಾಡ, ಅದಕ್ಕೊಂದು ಕೊಳವೆ, ಒಂದೇ ಸಮನೆ ಗಾಳಿ. ಅದರ ಒತ್ತಡವನ್ನು ನೀರಿನ ಎತ್ತರದಿಂದ ಅಳೆಯುತ್ತಾರೆ. ನಾಲ್ಕರಿಂದ ಇಪ್ಪತ್ತು ಸೆಂಟಿಮೀಟರ್. ಮುಖವಾಡ ಮುಖಕ್ಕೆ ಹೊಂದದಿದ್ದರೆ ಗಾಳಿ ಕಣ್ಣಿಗೆ ಸೋರುತ್ತದೆ. ಅಳತೆ ಬದಲಾಯಿಸಿ ಕೇಳಬೇಕೇ ಹೊರತು ಯಂತ್ರವನ್ನು ಅಟ್ಟಕ್ಕೆ ಏರಿಸಬಾರದು. ಹಗಲು ರೇಡಿಯೋ ಕೇಳುತ್ತ ಅರ್ಧ ತಾಸು ಹಾಕಿಕೊಂಡು ಕುಳಿತರೆ ಅಭ್ಯಾಸವಾಗುತ್ತದೆಂದು ಆ ಮೇಷ್ಟರು ಹೇಳುತ್ತಾರೆ. ಅವರ ಬಡಿತ ಇನ್ನೂ ಆಗೊಮ್ಮೆ ಈಗೊಮ್ಮೆ ಕೆಡುತ್ತದೆ, ಮಾತ್ರೆಯೂ ನಡೆದಿದೆ. ಆದರೆ ನಡುರಾತ್ರಿ ಎದೆ ಡವಗುಟ್ಟಿ ಎದ್ದು ಕೂಡುವುದು ನಿಂತಿದೆಯಂತೆ. ಮುಖವಾಡವನ್ನು ದಿನವೂ ತೊಳೆಯಬೇಕು. ಗಾಳಿಯನ್ನು ತೇವಮಾಡುವ ಬಟ್ಟಲಿಗೆ ಬೋರಿನ ನೀರು ಬೇಡ, ಭಟ್ಟಿಯಿಳಿಸಿದ ನೀರೇ ಬೇಕು. ಬೆಲೆ ಹತ್ತಾರು ಸಾವಿರ ರೂಪಾಯಿ. ಕೊಳ್ಳುವ ಮೊದಲು ಕೆಲವು ವಾರ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸುವುದು ಜಾಣತನ. ಇನ್ನು ಕರೆಂಟು. ನಡುರಾತ್ರಿ ಅದು ಹೋದರೆ ಯಂತ್ರ ನಿಲ್ಲುತ್ತದೆ. ಮುಖವಾಡದಲ್ಲಿ ಗಾಳಿಯಾಡುವ ಕಿಂಡಿಗಳಿರುವುದರಿಂದ ಉಸಿರುಗಟ್ಟುವ ಭಯವಿಲ್ಲ, ಆದರೆ ಗೊರಕೆ ಮರಳುತ್ತದೆ. ಮೇಷ್ಟರ ಮನೆಯಲ್ಲಿ ಟೀವಿಗೆ ಕೊಟ್ಟಿದ್ದ ಇನ್ವರ್ಟರಿನ ತಂತಿಯನ್ನು ಈಗ ಮಲಗುವ ಕೋಣೆಗೆ ಎಳೆದುಕೊಂಡಿದ್ದಾರೆ.