ಕಾರು ಒರೆಸುವುದರಲ್ಲೂ ವಿಜ್ಞಾನವಿದೆ

ತೊಳೆದು ಒರೆಸಿದ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ. ಮೈಮೇಲೆ ಜೇಡರ ಬಲೆಯಂಥ ನವಿರಾದ ಗೀರುಗಳು ಕಾಣುತ್ತವೆ. ಇವುಗಳಲ್ಲಿ ಹಲವು ಮನೆಯಂಗಳದಲ್ಲೇ, ಒರೆಸುವಾಗಲೇ ಮೂಡಿದಂಥವು.

ಮೆತ್ತನೆಯ ಬಟ್ಟೆ ಗೀರುವುದು ಹೇಗೆ? ಅದಕ್ಕೆ ಅಂಟಿದ ಮರಳಿನ ಕಣ ಗೀರುತ್ತದೆ. ಮರಳಿನಲ್ಲಿರುವ ಕ್ವಾರ್ಟ್ಸ್‌ಗೆ ಮೋಸ್ ಕಾಠಿಣ್ಯ ಮಾಪಕದಲ್ಲಿ 7ನೇ ಸ್ಥಾನ. ಗಾಜನ್ನೂ ಅದು ಗೀರಬಲ್ಲದು. ಬಣ್ಣವನ್ನು ಕಾಯುವ ಪಾರದರ್ಶಕ ಪದರವಾದರೋ ಒಂದು ಬಗೆಯ ಪ್ಲಾಸ್ಟಿಕ್. ದಪ್ಪ ಸುಮಾರು 50 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ 20ನೇ ಒಂದು ಭಾಗ. ಗೀರು ಅಳಿಸಲು ಪಾಲಿಶ್ ಮಾಡಿದಷ್ಟೂ ಈ ಪದರವೇ ಸವೆಯುತ್ತದೆ.

ಹಾಗೆಂದು ನೀರು ತಾನೇ ಆರಲೆಂದು ಬಿಡುವಂತಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ನೀರು ಆವಿಯಾದ ಮೇಲೆ ಅವು ಬಿಳಿ ಕಲೆಗಳಾಗಿ ಉಳಿಯುತ್ತವೆ, ಬಚ್ಚಲ ಹಂಡೆಯೊಳಗಿನ ಬಿಳಿ ಪದರದಂತೆ.

ಆದ್ದರಿಂದ ನೆರಳಿನಲ್ಲಿ ತೊಳೆಯಿರಿ. ಕೊನೆಗೆ ಪೈಪಿನ ನೀರನ್ನು ರಭಸವಿಲ್ಲದೆ ಮೇಲಿನಿಂದ ಹರಿಯಬಿಡಿ. ಹನಿಗಳು ಒಂದನ್ನೊಂದು ಸೆಳೆದು, ಹಾಳೆಯಂತೆ ಕೂಡಿ ಜಾರಿಹೋಗುತ್ತವೆ. ಉಳಿದದ್ದಕ್ಕೆ ಶುಚಿಯಾದ ಮೈಕ್ರೋಫೈಬರ್ ಬಟ್ಟೆ ಸಾಕು. ಅದರ ಎಳೆಗಳ ನಡುವಿನ ಸಂದುಗಳು ಲೋಮನಾಳಗಳಂತೆ ನೀರು ಹೀರುತ್ತವೆ. ದೀಪದ ಬತ್ತಿ ಎಣ್ಣೆ ಹೀರುವುದೂ ಹೀಗೆಯೇ. ಉಜ್ಜಬೇಡಿ, ಹಾಸಿ, ಮೆಲ್ಲಗೆ ಒತ್ತಿ, ಎತ್ತಿ. ಮೇಲ್ಭಾಗದಿಂದ ಆರಂಭಿಸಿ ಕೆಳಗೆ ಬನ್ನಿ. ಚಕ್ರಗಳಿಗೆ ಬೇರೆ ಬಟ್ಟೆ ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಬಳಸಬಾರದು.

ಮಕ್ಕಳು ಹಳೆಯ ಪ್ಲಾಸ್ಟಿಕ್ ಸ್ಕೇಲಿನ ಮೇಲೆ ಚಿಟಿಕೆ ಮರಳು ಉದುರಿಸಿ, ಒದ್ದೆ ಬಟ್ಟೆಯಿಂದ ಉಜ್ಜಿ ನೋಡಲಿ. ಕಾಠಿಣ್ಯವೆಂದರೇನೆಂದು ಕಣ್ಣಿಗೇ ಕಾಣುತ್ತದೆ.