ಲಿನಕ್ಸ್ ಕಂಪ್ಯೂಟರಿನಲ್ಲಿ ಓಡದ ವಿಡಿಯೊ: ಕೋಡೆಕ್ ಕೊರತೆಯ ಕಾರಣ ಮತ್ತು ಪರಿಹಾರ

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಲ್ಲಿ ಅನೇಕರಿಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಪರಿಚಯವಾದದ್ದು 2010ರ ದಶಕದ ಆರಂಭದಲ್ಲಿ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದ ಮೂಲಕ. ಪರವಾನಗಿ ಶುಲ್ಕವಿಲ್ಲದ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಬಳಸಿ ಪಾಠಸಾಮಗ್ರಿ ಸಿದ್ಧಪಡಿಸುವುದನ್ನು ಅಲ್ಲಿ ಕಲಿಸಲಾಯಿತು. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣವೂ ಅದೇ ಪ್ರಯತ್ನದಿಂದ ರೂಪುಗೊಂಡಿತು. ಇಂಥ ಸಾಮಗ್ರಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವಿಷಯಗಳ ಕೊರತೆಯಿಲ್ಲ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ನಡೆದ ಧ್ವಜ ಸತ್ಯಾಗ್ರಹದ ನೆನಪು, ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರ ತತ್ವಪದಗಳ ಗಾಯನ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಕ್ಕಬಳ್ಳಾಪುರದ ಬಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿ, ಇವೆಲ್ಲವೂ ಶಿಕ್ಷಕರ ಮೊಬೈಲ್ ಕ್ಯಾಮೆರಾಕ್ಕೆ ನಿಲುಕುವಂಥವು. ಆದರೆ ಹಾಗೆ ಚಿತ್ರೀಕರಿಸಿದ ಕಡತವನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದಾಗ ಕೆಲವೊಮ್ಮೆ ಧ್ವನಿ ಮಾತ್ರ ಕೇಳಿಸಿ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಕೆಲವೊಮ್ಮೆ ಚಿತ್ರ ಓಡಿದರೂ ಧ್ವನಿ ಬಾರದು, ಇನ್ನು ಕೆಲವೊಮ್ಮೆ ಅಗತ್ಯವಾದ ಕೋಡೆಕ್ ಇಲ್ಲವೆಂಬ ಸಂದೇಶ ಮೂಡುತ್ತದೆ. ಕಡತ ಕೆಟ್ಟಿದೆ ಅಥವಾ ಲಿನಕ್ಸ್‌ನಿಂದ ಇದು ಆಗದ ಕೆಲಸ ಎಂಬ ತೀರ್ಮಾನಕ್ಕೆ ಬರುವ ಮೊದಲು, ಈ ಕೊರತೆಯ ಮೂಲ ಬಹುಪಾಲು ಕಾನೂನಿನಲ್ಲಿದೆ ಎಂಬುದನ್ನೂ, ಅದನ್ನು ನೀಗಿಸಲು ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಪ್ಯಾಕೇಜ್ ಸಾಕೆಂಬುದನ್ನೂ ಅರಿಯುವುದು ಒಳಿತು.

ಕೋಡೆಕ್ ಮಾಡುವ ಕೆಲಸ

ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಚಿತ್ರದ ಪ್ರತಿ ಚುಕ್ಕೆಯ ಬಣ್ಣಕ್ಕೆ 3 ಬೈಟ್ ಬೇಕು, ಸೆಕೆಂಡಿಗೆ ಅಂಥ 25 ಚಿತ್ರಗಳು ಬೇಕು ಎಂದು ಲೆಕ್ಕ ಹಾಕಿದರೆ, ಒಂದು ಸೆಕೆಂಡಿನ ವಿಡಿಯೊ ಸುಮಾರು 155 ಮೆಗಾಬೈಟ್ ಜಾಗವನ್ನೂ ಒಂದು ಗಂಟೆಯ ವಿಡಿಯೊ ಸುಮಾರು 560 ಗಿಗಾಬೈಟ್ ಜಾಗವನ್ನೂ ನುಂಗುತ್ತದೆ. ಇಷ್ಟನ್ನು ಸಾಮಾನ್ಯ ಮೊಬೈಲ್ ಹೊರಲಾರದು. ಆದ್ದರಿಂದ ಚಿತ್ರ ಮತ್ತು ಧ್ವನಿಯನ್ನು ಗಣಿತದ ಸೂತ್ರಗಳಿಂದ ಸಂಕೇತಗಳಾಗಿ ಕುಗ್ಗಿಸಿ ದಾಖಲಿಸುವ, ನೋಡುವಾಗ ಅದೇ ಸೂತ್ರವನ್ನು ಹಿಮ್ಮುಖವಾಗಿ ನಡೆಸಿ ಬಿಡಿಸುವ ತಂತ್ರಾಂಶ ಬೇಕಾಗುತ್ತದೆ, ಅದೇ ಕೋಡೆಕ್. ಕುಗ್ಗಿಸಿದ ವಿಧಾನಕ್ಕೆ ತಕ್ಕ ಬಿಡಿಸುವ ವಿಧಾನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕಡತ ಸರಿಯಾಗಿದ್ದರೂ ಚಿತ್ರ ಕಾಣಿಸದು.

ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಕೆವಿ, ಎವಿಐ ಮೊದಲಾದವು ಕೋಡೆಕ್‌ಗಳ ಹೆಸರುಗಳಲ್ಲ. ಅವು ಚಿತ್ರ, ಧ್ವನಿ ಮತ್ತು ಅಡಿಬರಹಗಳನ್ನು ಒಟ್ಟಿಗೆ ಕಟ್ಟಿಡುವ ಹೊದಿಕೆಗಳು. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಚೀಲದೊಳಗೆ ಮಿಶ್ರತಳಿಯ ಗೂಡಿರಬಹುದು, ದ್ವಿತಳಿಯ ಗೂಡಿರಬಹುದು, ಚೀಲವನ್ನಷ್ಟೇ ನೋಡಿ ತಳಿಯನ್ನು ಹೇಳಲಾಗದು. ಹಾಗೆಯೇ ಎಂಪಿ4 ಕಡತದೊಳಗಿನ ಚಿತ್ರ 2003ರ ಎಚ್.264 ವಿಧಾನದ್ದಾಗಿರಬಹುದು, 2013ರ ಎಚ್.265 ವಿಧಾನದ್ದೂ ಆಗಿರಬಹುದು. ಒಂದು ಎಂಪಿ4 ಓಡಿ ಇನ್ನೊಂದು ಎಂಪಿ4 ಓಡದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಮುಕ್ತ ಗಣಿತ, ಬೇಲಿ ಹಾಕಿದ ಬಳಕೆ

ಈ ಸಂಕೋಚನದ ತಿರುಳಿನಲ್ಲಿರುವ ಗಣಿತಕ್ಕೂ ಈ ನೆಲಕ್ಕೂ ಒಂದು ನಂಟಿದೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಲ್ಲಿ ಬೆಂಗಳೂರಿನವರೇ ಆದ ನಾಸಿರ್ ಅಹ್ಮದ್ ಒಬ್ಬರು. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನವು ಚಿತ್ರದ ಪುಟ್ಟ ಪುಟ್ಟ ಚೌಕಗಳಲ್ಲಿನ ಬೆಳಕಿನ ಏರಿಳಿತವನ್ನು ಬೇರೆ ಬೇರೆ ಆವರ್ತನದ ಅಲೆಗಳ ಮೊತ್ತವಾಗಿ ಬರೆಯುತ್ತದೆ. ಹೀಗೆ ಬರೆದ ಬಳಿಕ ಕಣ್ಣು ಗುರುತಿಸಲಾರದಷ್ಟು ಸೂಕ್ಷ್ಮವಾದ ಅಲೆಗಳನ್ನು ಕೈಬಿಟ್ಟರೂ ಚಿತ್ರ ಹೆಚ್ಚು ಕೆಡುವುದಿಲ್ಲ, ಜಾಗವಂತೂ ಬಹಳ ಉಳಿಯುತ್ತದೆ. ಜೆಪೆಗ್ ಛಾಯಾಚಿತ್ರ ಇದನ್ನೇ ನೇರವಾಗಿ ಬಳಸುತ್ತದೆ, ಎಂಪಿ3 ಮತ್ತು ಎಎಸಿ ಧ್ವನಿ ಇದರ ಮಾರ್ಪಾಡನ್ನು ಬಳಸುತ್ತವೆ, ಎಚ್.264 ಇದರ ಪೂರ್ಣಾಂಕ ರೂಪವನ್ನು ಬಳಸುತ್ತದೆ.

ಮೂಲ ಗಣಿತ ವಿದ್ವತ್ ಪತ್ರಿಕೆಯಲ್ಲಿ ಎಲ್ಲರ ಮುಂದಿದ್ದರೂ, ಅದರ ಮೇಲೆ ಕಟ್ಟಿದ ಅನೇಕ ವಿಧಾನಗಳಿಗೆ ಕಂಪನಿಗಳು ಹಲವು ದೇಶಗಳಲ್ಲಿ ಪೇಟೆಂಟ್ ಪಡೆದುಕೊಂಡವು. ಎಚ್.264, ಎಚ್.265ರಂಥ ಮಾನದಂಡಗಳಲ್ಲಿ ಹತ್ತಾರು ಕಂಪನಿಗಳ ಪೇಟೆಂಟ್‌ಗಳು ಹೆಣೆದುಕೊಂಡಿದ್ದು, ತಯಾರಕರು ಮಾರಿದ ಪ್ರತಿಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕಾಗುತ್ತದೆ. ಬೆಲೆಯಿಲ್ಲದೆ ಹಂಚಲ್ಪಟ್ಟು, ಎಷ್ಟು ಪ್ರತಿಗಳಾದವೆಂದು ಯಾರೂ ಎಣಿಸದ ಲಿನಕ್ಸ್‌ಗೆ ಅಂಥ ಲೆಕ್ಕ ಒಪ್ಪಿಸುವುದು ಸಾಧ್ಯವಿಲ್ಲ. ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತ ವಿಧಾನ, ಅಲ್ಗಾರಿದಮ್ ಮತ್ತು ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನು ಪೇಟೆಂಟ್‌ನಿಂದ ಹೊರಗಿಟ್ಟಿದೆಯಾದರೂ, ಲಿನಕ್ಸ್ ಆವೃತ್ತಿಗಳು ಇಡೀ ಜಗತ್ತಿಗಾಗಿ ಸಿದ್ಧವಾಗುವುದರಿಂದ ಅಮೆರಿಕದಂಥ ದೇಶಗಳ ಕಾನೂನೇ ಅವುಗಳ ಮಿತಿಯನ್ನು ನಿರ್ಧರಿಸುತ್ತದೆ. ಹೀಗಾಗಿ ಕೋಡೆಕ್‌ಗಳನ್ನು ಮೂಲ ಪ್ರತಿಯಿಂದ ಬೇರ್ಪಡಿಸಿ, ಬೇಕಾದವರು ತಾವೇ ಸೇರಿಸಿಕೊಳ್ಳಲೆಂದು ಪ್ರತ್ಯೇಕ ತಂತ್ರಾಂಶ ಭಂಡಾರಗಳಲ್ಲಿ ಇಡುವ ಪದ್ಧತಿ ಬೆಳೆಯಿತು.

ಕೊರತೆಯ ಪತ್ತೆ ಮತ್ತು ಪರಿಹಾರ

ಮೊದಲು ಕಡತದೊಳಗೆ ಯಾವ ಕೋಡೆಕ್ ಬಳಕೆಯಾಗಿದೆ ಎಂಬುದನ್ನು ತಿಳಿಯಬೇಕು. ವಿಎಲ್‌ಸಿ ಪ್ಲೇಯರ್‌ನಲ್ಲಿ ಕಡತವನ್ನು ತೆರೆದು ಕಂಟ್ರೋಲ್ ಕೀಲಿಯೊಡನೆ ಜೆ ಅಕ್ಷರವನ್ನು ಒತ್ತಿದರೆ ಚಿತ್ರ ಮತ್ತು ಧ್ವನಿಯ ಕೋಡೆಕ್‌ಗಳ ಹೆಸರುಗಳು ಬೇರೆ ಬೇರೆಯಾಗಿ ಕಾಣಿಸುತ್ತವೆ. ಮೀಡಿಯಾಇನ್ಫೊ ಎಂಬ ಪುಟ್ಟ ತಂತ್ರಾಂಶವೂ ಇದೇ ವಿವರವನ್ನು ಕೊಡುತ್ತದೆ.

ಉಬುಂಟುವಿನಲ್ಲಿ ಪರಿಹಾರದ ಮೊದಲ ಅವಕಾಶ ಅದನ್ನು ಅಳವಡಿಸುವ ಹೊತ್ತಿನಲ್ಲೇ ಇದೆ: ಹೆಚ್ಚುವರಿ ಮಾಧ್ಯಮ ಸ್ವರೂಪಗಳಿಗೆ ಬೇಕಾದ ತಂತ್ರಾಂಶವನ್ನು ಸೇರಿಸಬೇಕೇ ಎಂದು ಕೇಳುವ ಚೌಕಕ್ಕೆ ಗುರುತು ಹಾಕಿದರೆ, ಅಂತರ್ಜಾಲ ಸಂಪರ್ಕವಿರುವಲ್ಲಿ ಕೋಡೆಕ್‌ಗಳು ತಾವಾಗಿಯೇ ಬರುತ್ತವೆ. ಆಗ ಬಿಟ್ಟುಹೋಗಿದ್ದರೆ ‘ಉಬುಂಟು ರೆಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಎಂಬ ಪ್ಯಾಕೇಜನ್ನು ಅನಂತರ ಹಾಕಿಕೊಳ್ಳಬಹುದು. ಟರ್ಮಿನಲ್ ಕಿಟಕಿಯಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂಬ ಆಜ್ಞೆಯ ಮುಂದೆ ಈ ಪ್ಯಾಕೇಜಿನ ಹೆಸರನ್ನು, ಪದಗಳ ನಡುವೆ ಕಿರುಗೆರೆಯಿಟ್ಟು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಪ್ಯಾಕೇಜ್ ಸಿಗಲಿಲ್ಲವೆಂಬ ಉತ್ತರ ಬಂದರೆ ‘ಮಲ್ಟಿವರ್ಸ್’ ಎಂಬ ಭಂಡಾರವನ್ನು ಸೆಟ್ಟಿಂಗ್‌ನಲ್ಲಿ ತೆರೆಯಬೇಕು. ಈ ಪ್ಯಾಕೇಜಿನ ಜೊತೆಗೆ ಮೈಕ್ರೊಸಾಫ್ಟ್ ಅಕ್ಷರವಿನ್ಯಾಸಗಳೂ ಬರುವುದರಿಂದ ನಡುವೆ ಪರವಾನಗಿಯ ಒಪ್ಪಂದವೊಂದು ಪರದೆಯನ್ನು ತುಂಬುತ್ತದೆ. ಅಲ್ಲಿ ಮೌಸ್ ಕೆಲಸ ಮಾಡದ ಕಾರಣ ಅನೇಕರು ಕಿಟಕಿಯನ್ನು ಮುಚ್ಚಿಬಿಡುತ್ತಾರೆ, ಆದರೆ ಟ್ಯಾಬ್ ಕೀಲಿಯಿಂದ ಒಪ್ಪಿಗೆಯ ಗುಂಡಿಗೆ ಸರಿದು ಎಂಟರ್ ಒತ್ತಿದರೆ ಕೆಲಸ ಮುಂದುವರಿಯುತ್ತದೆ.

ಉಳಿದ ಆವೃತ್ತಿಗಳ ದಾರಿ ಸ್ವಲ್ಪ ಬೇರೆ. 2016ರ 18ನೇ ಆವೃತ್ತಿಯಿಂದ ಕೋಡೆಕ್‌ಗಳನ್ನು ಜೊತೆಗೆ ಕೊಡುವುದನ್ನು ನಿಲ್ಲಿಸಿದ ಲಿನಕ್ಸ್ ಮಿಂಟ್, ಅವುಗಳನ್ನು ಹಾಕಿಕೊಳ್ಳಲು ಮೆನುವಿನಲ್ಲೇ ಒಂದು ನಮೂದನ್ನು ಇಟ್ಟಿದೆ. ಫೆಡೋರಾದಲ್ಲಿ ‘ಆರ್‌ಪಿಎಂ ಫ್ಯೂಷನ್’ ಎಂಬ ಹೊರಗಿನ ಭಂಡಾರವನ್ನು ಸೇರಿಸಿ, ಜೊತೆಗೆ ಬಂದಿರುವ ಮಿತ ರೂಪದ ಎಫ್‌ಎಫ್‌ಎಂಪೆಗ್ ಬದಲಿಗೆ ಪೂರ್ಣ ರೂಪವನ್ನು ಹಾಕಬೇಕು. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಈ ಎಫ್‌ಎಫ್‌ಎಂಪೆಗ್, ಲಿನಕ್ಸ್‌ನ ಬಹುಪಾಲು ಪ್ಲೇಯರ್‌ಗಳ ಬೆನ್ನ ಹಿಂದಿರುವ ಕೋಡೆಕ್ ಸಂಗ್ರಹ. ಜಿಸ್ಟ್ರೀಮರ್ ಎಂಬ ಇನ್ನೊಂದು ಚೌಕಟ್ಟಿನ ಪ್ಯಾಕೇಜುಗಳಿಗೆ 1966ರ ಚಲನಚಿತ್ರವೊಂದರ ಹೆಸರಿನಿಂದ ‘ಗುಡ್’, ‘ಬ್ಯಾಡ್’, ‘ಅಗ್ಲಿ’ ಎಂದು ಹೆಸರಿಟ್ಟಿದ್ದಾರೆ. ‘ಅಗ್ಲಿ’ ಎಂಬುದು ಗುಣಮಟ್ಟದಲ್ಲಿ ಉತ್ತಮವಾಗಿದ್ದೂ ಹಂಚಿಕೆಯಲ್ಲಿ ಕಾನೂನಿನ ತೊಡಕಿರಬಹುದಾದವುಗಳ ಗುಂಪು, ‘ಬ್ಯಾಡ್’ ಎಂಬುದು ಇನ್ನೂ ಸಾಕಷ್ಟು ಪರೀಕ್ಷೆಗೊಳಪಡದವುಗಳ ಗುಂಪು. ಯಾವ ಆವೃತ್ತಿಯಲ್ಲೇ ಆಗಲಿ, ಅಪರಿಚಿತ ತಾಣಗಳು ಕೊಡುವ ‘ಕೋಡೆಕ್ ಪ್ಯಾಕ್’ಗಳನ್ನು ಇಳಿಸಿಕೊಳ್ಳದೆ, ಆಯಾ ಆವೃತ್ತಿಯವರು ಸೂಚಿಸುವ ಭಂಡಾರಗಳನ್ನಷ್ಟೇ ನಂಬುವುದು ಕ್ಷೇಮ.

ಕೋಡೆಕ್ ಇದ್ದೂ ವಿಡಿಯೊ ತಡೆತಡೆದು ಓಡಿದರೆ ರೋಗ ಬೇರೆ. ಎಚ್.265 ಕಡತವನ್ನು ಬಿಡಿಸಲು ಹೆಚ್ಚು ಗಣನಾಶಕ್ತಿ ಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಕೆಲಸಕ್ಕೆ ಪೂರ್ಣ ಪ್ರಮಾಣದ ಪ್ರತ್ಯೇಕ ಯಂತ್ರಾಂಶ ಬಂದದ್ದು 2015ರ ಆರನೇ ಪೀಳಿಗೆಯಿಂದ. ಅದಕ್ಕಿಂತ ಹಳೆಯ ಕಂಪ್ಯೂಟರುಗಳಿರುವ ಪ್ರಯೋಗಾಲಯದಲ್ಲಿ ಎಷ್ಟು ಪ್ಯಾಕೇಜ್ ಹಾಕಿದರೂ ಪ್ರಯೋಜನ ಕಡಿಮೆ. ಅಂಥಲ್ಲಿಯೂ, ಅಂತರ್ಜಾಲವಿಲ್ಲದ ಶಾಲೆಗಳಲ್ಲಿಯೂ ಸುಲಭವಾದ ಉಪಾಯ ಕಡತವನ್ನೇ ಬದಲಿಸುವುದು: ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಚ್.265 ಬದಲು ಎಚ್.264 ಆಯ್ದುಕೊಂಡು ಚಿತ್ರೀಕರಿಸಬಹುದು, ಇಲ್ಲವೆ ಕೋಡೆಕ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಪರಿವರ್ತಿಸಿ ಪೆನ್‌ಡ್ರೈವ್‌ನಲ್ಲಿ ತರಬಹುದು. ಪ್ರತಿ ಪರಿವರ್ತನೆಯಲ್ಲೂ ಚಿತ್ರದ ಸ್ಪಷ್ಟತೆ ಸ್ವಲ್ಪ ಕುಂದುವುದರಿಂದ ಮೂಲ ಕಡತವನ್ನು ಅಳಿಸಬಾರದು.

ಮುಕ್ತ ಸ್ವರೂಪಗಳ ದಾರಿ

ಪೇಟೆಂಟಿನ ಬೇಲಿ ಕಾಲಮಿತಿಯುಳ್ಳದ್ದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಬೆಳೆದ ಎಂಪಿ3ರ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡ ಮೇಲೆ ಲಿನಕ್ಸ್ ಆವೃತ್ತಿಗಳಿಗೆ ಅದನ್ನು ಹೊರಗಿಡುವ ಕಾರಣ ಉಳಿಯಲಿಲ್ಲ. ಇದರ ಜೊತೆಯಲ್ಲೇ ಆರಂಭದಿಂದ ಶುಲ್ಕವಿಲ್ಲದ ಕೋಡೆಕ್‌ಗಳೂ ಬೆಳೆದಿವೆ: ಧ್ವನಿಯನ್ನು ಒಂದಿಷ್ಟೂ ಕಳೆಯದೆ ಕುಗ್ಗಿಸುವ 2001ರ ಫ್ಲಾಕ್, ಮಾತಿಗೂ ಸಂಗೀತಕ್ಕೂ ಒದಗುವ 2012ರ ಓಪಸ್, ಗೂಗಲ್‌ನ 2013ರ ವಿಪಿ9, ಹಲವು ಕಂಪನಿಗಳು ಕೂಡಿ 2018ರಲ್ಲಿ ಹೊರತಂದ ಎವಿ1. ವಿಕಿಪೀಡಿಯಕ್ಕೆ ಮಾಧ್ಯಮ ಒದಗಿಸುವ ವಿಕಿಮೀಡಿಯ ಕಾಮನ್ಸ್ ಎಂಪಿ4 ವಿಡಿಯೊವನ್ನು ಸ್ವೀಕರಿಸದೆ ವೆಬ್‌ಎಂನಂಥ ಮುಕ್ತ ಹೊದಿಕೆಯನ್ನೇ ಕೇಳುವುದರಿಂದ, ವಿದುರಾಶ್ವತ್ಥದ ಅಥವಾ ಕೈವಾರದ ದೃಶ್ಯವನ್ನು ಕನ್ನಡ ವಿಕಿಪೀಡಿಯಕ್ಕೆ ಸೇರಿಸಬಯಸುವವರೂ ಈ ಸ್ವರೂಪಗಳನ್ನು ತಿಳಿದಿರಬೇಕಾಗುತ್ತದೆ.

ಪ್ರತಿ ಶಾಲೆಯ ಪ್ರತಿ ಕಂಪ್ಯೂಟರಿಗೂ ಒಬ್ಬೊಬ್ಬರು ಕುಳಿತು ಪ್ಯಾಕೇಜ್ ಹಾಕುವುದಕ್ಕಿಂತ, ಬೇಕಾದುದನ್ನೆಲ್ಲ ಮೊದಲೇ ಸೇರಿಸಿದ ಒಂದು ಪ್ರತಿಯನ್ನು ಸಿದ್ಧಪಡಿಸಿ ಹಂಚುವುದು ಹೆಚ್ಚು ಬಾಳುವ ಪರಿಹಾರ. ಕೇರಳದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ, ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನು ಅದರಲ್ಲೇ ಅಡಕಗೊಳಿಸಿ ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಕಲಿಯುವುದು ಅದರಲ್ಲೇ. ನಕಲು ಮಾಡಿ ಹಂಚುವ ಹಕ್ಕನ್ನು ಉಬುಂಟುವೇ ಕೊಟ್ಟಿರುವಾಗ ಅಂಥ ಪ್ರತಿಯನ್ನು ಚಿಕ್ಕಬಳ್ಳಾಪುರದಲ್ಲಿ ಒಮ್ಮೆ ಸಿದ್ಧಪಡಿಸಿದರೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಲೆಗಳಿಗೆ ಅದನ್ನು ಒಯ್ಯಲು ಒಂದು ಪೆನ್‌ಡ್ರೈವ್ ಸಾಕು. ಪಾಠದ ಅವಧಿಯಲ್ಲಿ ವಿಡಿಯೊ ಓಡದೆ ನಿಲ್ಲುವ ಪ್ರಸಂಗವನ್ನು ತಪ್ಪಿಸಲು ಇದಕ್ಕಿಂತ ಕಡಿಮೆ ಖರ್ಚಿನ ಮಾರ್ಗವಿಲ್ಲ.